ಅಂಡಮಾನಿಗೆ 15 ಕೆ.ಜಿ.ಯೊಳಗೆ ಸ್ಕೂಬಾ ಸಾಮಾನು: ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಾಡಿಗೆಗೆ ಪಡೆಯಬೇಕು?

ಪರಿಷೆ (ಬಸವನಗುಡಿ):

ಎಲ್ಲರಿಗೂ ನಮಸ್ಕಾರ. ನಾನೂ ನನ್ನ ಹೆಂಡತಿಯೂ ಎರಡು ವರ್ಷಗಳ ಹಿಂದೆ ಸ್ವರಾಜ್ ದ್ವೀಪದಲ್ಲಿ, ಅಂದರೆ ನಮ್ಮ ಬಾಯಲ್ಲಿ ಇನ್ನೂ ಹ್ಯಾವ್‌ಲಾಕ್ ಆಗಿಯೇ ಉಳಿದಿರುವ ಕಡೆ, ಓಪನ್ ವಾಟರ್ ಎಂಬ ಆರಂಭಿಕ ಸ್ಕೂಬಾ ತರಬೇತಿ ಮುಗಿಸಿದೆವು. ಆಮೇಲೆ ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪಕ್ಕೆ ಎರಡು ಸಲ ಹೋಗಿ ಬಂದಿದ್ದೇವೆ. ಇಬ್ಬರಿಗೂ ತಲಾ 22 ಡೈವ್ ಆಗಿವೆ. ಬರುವ ಜನವರಿಯಲ್ಲಿ ಮತ್ತೆ ಅಂಡಮಾನಿಗೆ ಹೊರಟಿದ್ದೇವೆ; ಮುಂದಿನ ವರ್ಷ ಮಾಲ್ಡೀವ್ಸ್‌ಗೆ ಹೋಗುವ ಆಸೆಯಿದೆ.

ಇಲ್ಲಿಯವರೆಗೆ ಎಲ್ಲವನ್ನೂ ಬಾಡಿಗೆಗೇ ಪಡೆದಿದ್ದೇವೆ. ಕಳೆದ ಬಾರಿ ಒಂದು ಕೇಂದ್ರದಲ್ಲಿ ಕೊಟ್ಟ ಮಾಸ್ಕ್ ಡೈವ್ ಮುಗಿಯುವವರೆಗೂ ಸೋರುತ್ತಲೇ ಇತ್ತು, ಸಿಲಿಂಡರಿನ ಗಾಳಿಯನ್ನು ಬಾಯಿಗೆ ತಲುಪಿಸುವ ರೆಗ್ಯುಲೇಟರಿನ ಬಾಯಿತುಂಡನ್ನು ಯಾರೋ ಕಚ್ಚಿ ಹರಿದಿದ್ದರು, ಹೆಂಡತಿಗೆ ಕೊಟ್ಟ ಬಿಸಿಡಿ (ಸಿಲಿಂಡರನ್ನು ಬೆನ್ನಿಗೆ ಹಿಡಿದಿಡುವ, ಗಾಳಿ ತುಂಬಿ ತೇಲುವಿಕೆಯನ್ನು ಹೊಂದಿಸುವ ಅಂಗಿ) ಎಷ್ಟು ದೊಡ್ಡದಾಗಿತ್ತೆಂದರೆ ಗಾಳಿ ತುಂಬಿದೊಡನೆ ಅದು ಕಿವಿಯವರೆಗೆ ಏರುತ್ತಿತ್ತು. ಆದ್ದರಿಂದ ಸ್ವಂತ ಸಾಮಾನು ಕೊಳ್ಳುವ ಮನಸ್ಸಾಗಿದೆ. ತೊಡಕಿರುವುದು ವಿಮಾನದ ತೂಕದಲ್ಲಿ. ಬೆಂಗಳೂರಿನಿಂದ ಹೊರಡುವ ನಮ್ಮ ವಿಮಾನದಲ್ಲಿ ಒಬ್ಬರಿಗೆ ಚೆಕ್-ಇನ್ 15 ಕೆ.ಜಿ., ಕೈಚೀಲ 7 ಕೆ.ಜಿ. ಮಾತ್ರ. ಬಟ್ಟೆಬರೆಯೂ ಅದರೊಳಗೇ ಆಗಬೇಕು. ಅಂತರ್ಜಾಲದಲ್ಲಿ "ಟ್ರಾವೆಲ್" ಎಂಬ ಹೆಸರು ಹೊತ್ತ ಬಿಸಿಡಿ, ರೆಗ್ಯುಲೇಟರ್, ಫಿನ್ಸ್ (ಈಜಲು ಕಾಲಿಗೆ ಹಾಕುವ ಹಲಗೆಗಳು) ಎಲ್ಲವೂ ಕಾಣುತ್ತವೆ. ಎಲ್ಲವನ್ನೂ ಹಗುರವಾದದ್ದನ್ನೇ ಆರಿಸಿಕೊಂಡರೆ ಸಾಕೇ, ಅಥವಾ ಹಗುರಕ್ಕೆ ಬೇರೆಲ್ಲಾದರೂ ಬೆಲೆ ತೆರಬೇಕಾಗುತ್ತದೆಯೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉಪ್ಪುನೀರು (ಜೆ.ಪಿ. ನಗರ):

ಪರಿಷೆ ಅವರೇ, ಮೊದಲು ನಿಮ್ಮ ಸೂಟ್‌ಕೇಸನ್ನು ತೂಗಿ ನೋಡಿ. ತಮಾಷೆಗೆ ಹೇಳುತ್ತಿಲ್ಲ. ಗಟ್ಟಿ ಪ್ಲಾಸ್ಟಿಕ್ಕಿನ, ಚಕ್ರಗಳಿರುವ ದೊಡ್ಡ ಪೆಟ್ಟಿಗೆ ಖಾಲಿಯಿರುವಾಗಲೇ 4 ಕೆ.ಜಿ. ತೂಗುವುದುಂಟು. ನಾನು ಹಲವು ವರ್ಷ ಅಂಥದ್ದನ್ನೇ ಎಳೆದುಕೊಂಡು ತಿರುಗಿದೆ. ಬಳಿಕ ಬಟ್ಟೆಯ ಡಫಲ್ ಚೀಲಕ್ಕೆ ಬದಲಾಯಿಸಿದಾಗ ಒಂದೇ ಏಟಿಗೆ 3 ಕೆ.ಜಿ. ಉಳಿಯಿತು. ಅಷ್ಟೇ ತೂಕವನ್ನು ಡೈವಿಂಗ್ ಸಾಮಾನಿನಲ್ಲಿ ಉಳಿಸಲು ಹೊರಟರೆ ಹತ್ತಾರು ಸಾವಿರ ರೂಪಾಯಿ ಖರ್ಚಾಗುತ್ತದೆ.

ಇನ್ನು ಕೊಳ್ಳುವ ಕ್ರಮ. ಮಾಸ್ಕ್ ಎಲ್ಲಕ್ಕಿಂತ ಮೊದಲು ಬರಬೇಕು. ಅದು ಮುಖಕ್ಕೆ ಹೊಂದುವ ವಸ್ತು; ಯಾರದೋ ಶಿಫಾರಸಿನ ಮೇಲೆ ಆರಿಸಲು ಬಾರದು. ಪಟ್ಟಿ ಹಾಕಿಕೊಳ್ಳದೆ ಮುಖಕ್ಕೆ ಒತ್ತಿ, ಮೂಗಿನಿಂದ ಮೆಲ್ಲನೆ ಉಸಿರೆಳೆದಾಗ ಕೈಬಿಟ್ಟರೂ ಅದು ನಿಲ್ಲಬೇಕು. ಕನ್ನಡಕ ಹಾಕುವವರಾದರೆ ಎರಡು ಗಾಜುಗಳ ಮಾಸ್ಕ್ ತೆಗೆದುಕೊಂಡು, ಅರ್ಧರ್ಧ ಪವರ್ ಅಂತರದಲ್ಲಿ ಸಿದ್ಧವಾಗಿ ಸಿಗುವ ಮೈನಸ್ ಗಾಜುಗಳನ್ನು ಕೂರಿಸಿಕೊಳ್ಳಬಹುದು. ಒಳಗಿನ ಜಾಗ ಕಡಿಮೆಯಿರುವ ಮಾಸ್ಕ್ ಹಗುರವೂ ಹೌದು, ನೀರು ತುಂಬಿದರೆ ಹೊರಹಾಕುವುದೂ ಸುಲಭ.

ಎರಡನೆಯದಾಗಿ ಡೈವ್ ಕಂಪ್ಯೂಟರ್ ಕೊಳ್ಳಿ. ಬಹಳ ಜನ ಇದನ್ನು ಕೊನೆಗೆ ತಳ್ಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ತಪ್ಪು. ದಿನಕ್ಕೆ ಎರಡು ಮೂರು ಡೈವ್‌ಗಳಂತೆ ನಾಲ್ಕೈದು ದಿನ ಮಾಡುವಾಗ ದೇಹದಲ್ಲಿ ಸಾರಜನಕ ಎಷ್ಟು ಉಳಿದಿದೆ ಎಂಬ ಲೆಕ್ಕವನ್ನು ಒಂದೇ ಯಂತ್ರ ಮೊದಲಿನಿಂದ ಕೊನೆಯವರೆಗೆ ಇಡಬೇಕು. ಬಾಡಿಗೆಯ ಕಂಪ್ಯೂಟರನ್ನು ಬೆಳಿಗ್ಗೆ ನೀವು ಕಟ್ಟಿಕೊಂಡು, ಮಧ್ಯಾಹ್ನ ಅದೇ ಬೇರೆಯವರ ಕೈಗೆ ಹೋದರೆ ಇಬ್ಬರ ಲೆಕ್ಕವೂ ಕೆಟ್ಟಂತೆ. ಕೈಗಡಿಯಾರದಷ್ಟು ದೊಡ್ಡ ಕಂಪ್ಯೂಟರು 100 ಗ್ರಾಂ ಆಸುಪಾಸಿನಲ್ಲಿರುತ್ತದೆ. ತೂಕದ ಪ್ರಶ್ನೆಯೇ ಏಳುವುದಿಲ್ಲ.

ಬಿಸಿಡಿಯನ್ನು ನಾನು ಕೊನೆಗೆ ಇಡುತ್ತೇನೆ. ಆದರೆ ನಿಮ್ಮ ಮನೆಯವರ ಮಟ್ಟಿಗೆ ಈ ಕ್ರಮ ಬದಲಾಗಬೇಕಾದೀತು. ಸಣ್ಣ ಅಳತೆಯ ಬಿಸಿಡಿಗಳು ನಮ್ಮ ಕಡೆಯ ಬಾಡಿಗೆ ಕೇಂದ್ರಗಳಲ್ಲಿ ಒಂದೋ ಎರಡೋ ಇರುತ್ತವೆ. ಬೆಳಿಗ್ಗೆ ಮೊದಲು ಬಂದವರ ಪಾಲಾಗುತ್ತವೆ. ನಾನು ಸ್ವಂತ ಬಿಸಿಡಿ ಕೊಂಡದ್ದೂ ಈ ಕಾರಣಕ್ಕೇ.

ಮೀನಖಂಡ (ಯಲಹಂಕ):

ಮೇಲಿನವರು ಹೇಳಿದ ಕ್ರಮವನ್ನು ಒಪ್ಪುತ್ತೇನೆ. ಪ್ರಶ್ನೆಯ ಕೊನೆಯ ಭಾಗಕ್ಕೆ ಯಾರೂ ಉತ್ತರ ಕೊಡದ ಕಾರಣ ನಾನು ಕೊಡುತ್ತೇನೆ: ಹಗುರಕ್ಕೆ ಬೆಲೆ ತೆರಬೇಕು, ಅದನ್ನು ನೀರಿನಲ್ಲಿ ಮುಳುಗಲು ಸೊಂಟಕ್ಕೆ ಕಟ್ಟುವ ಸೀಸದ ತುಂಡುಗಳಲ್ಲಿ ತೆರುತ್ತೇವೆ.

ಒಂದು ಬಿಸಿಡಿ ತಕ್ಕಡಿಯ ಮೇಲೆ 2.3 ಕೆ.ಜಿ. ಇರಬಹುದು, ಇನ್ನೊಂದು 4 ಕೆ.ಜಿ. ಇರಬಹುದು. ನೀರಿನೊಳಗೆ ಇವು ಎಷ್ಟು ತೂಗುತ್ತವೆ ಎಂಬುದು ಬೇರೆಯೇ ವಿಷಯ. ದಪ್ಪ ಮೆತ್ತೆ, ಬೆನ್ನಿಗೆ ಸ್ಪಂಜು, ಪದರ ಪದರವಾದ ಬಟ್ಟೆ ಇರುವ ಜಾಕೆಟ್ ಮಾದರಿಯ ಬಿಸಿಡಿ ನೆಲದ ಮೇಲೆ ಭಾರವಾಗಿದ್ದರೂ ನೀರಿನಲ್ಲಿ ತೇಲಲು ನೋಡುತ್ತದೆ, ಏಕೆಂದರೆ ಆ ಮೆತ್ತೆಯೊಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ. ಮೆತ್ತೆಯಿಲ್ಲದ ಟ್ರಾವೆಲ್ ಬಿಸಿಡಿ ನೆಲದ ಮೇಲೂ ಹಗುರ, ನೀರಿನಲ್ಲೂ ಅಷ್ಟಾಗಿ ತೇಲುವುದಿಲ್ಲ. ಅಂಥದ್ದು ಸಿಕ್ಕರೆ ಎರಡೂ ಕಡೆ ಲಾಭ. ಆದರೆ ಲೋಹದ ಕೊಂಡಿಗಳನ್ನೆಲ್ಲ ಪ್ಲಾಸ್ಟಿಕ್ ಮಾಡಿ, ಬೆನ್ನಿನ ಹಲಗೆಯನ್ನು ತೆಗೆದು, ಮೆತ್ತೆಯನ್ನು ಹಾಗೆಯೇ ಉಳಿಸಿಕೊಂಡಿರುವ ಮಾದರಿಗಳೂ ಇವೆ. ಅವುಗಳ ಪೆಟ್ಟಿಗೆಯ ಮೇಲಿನ ಅಂಕಿಯನ್ನು ನಂಬಿ ಕೊಂಡವರು ಡೈವಿಂಗ್ ಕೇಂದ್ರದಲ್ಲಿ ಮತ್ತೆರಡು ತುಂಡು ಸೀಸ ಕೇಳಬೇಕಾಗುತ್ತದೆ.

ಈಗ ಸಿಲಿಂಡರಿನ ಲೆಕ್ಕ. ಅಂಡಮಾನ್, ನೇತ್ರಾಣಿ, ಮಾಲ್ಡೀವ್ಸ್ ಎಲ್ಲ ಕಡೆಯೂ ಹೆಚ್ಚಾಗಿ ಸಿಗುವುದು "ಅಲ್ಯೂಮಿನಿಯಂ 80". ಅದರ ಒಳಗಾತ್ರ 11.1 ಲೀಟರ್, ತುಂಬಿದ ಒತ್ತಡ 207 ಬಾರ್. ಅದರಲ್ಲಿರುವ ಗಾಳಿಯೇ ಸುಮಾರು 2.7 ಕೆ.ಜಿ. ತೂಗುತ್ತದೆ. ತುಂಬಿದಾಗ ಈ ಸಿಲಿಂಡರು ಸಮುದ್ರದ ನೀರಿನಲ್ಲಿ ಅರ್ಧ ಕೆ.ಜಿ.ಗಿಂತ ಸ್ವಲ್ಪ ಹೆಚ್ಚು ಮುಳುಗುವ ತೂಕದ್ದು; ಪೂರ್ತಿ ಖಾಲಿಯಾದಾಗ ಸುಮಾರು 2 ಕೆ.ಜಿ.ಯಷ್ಟು ತೇಲುವಂಥದ್ದು. ಅಂದರೆ ಡೈವಿನ ಆರಂಭದಲ್ಲಿ ನಿಮ್ಮನ್ನು ಕೆಳಗೆಳೆದ ವಸ್ತುವೇ ಕೊನೆಯಲ್ಲಿ ಮೇಲಕ್ಕೆಳೆಯುತ್ತದೆ. ನಾವು ಕಟ್ಟಿಕೊಳ್ಳುವ ಸೀಸದಲ್ಲಿ ಒಂದು ಪಾಲು ಈ ಬದಲಾವಣೆಗೇ ಮೀಸಲು. ಬಿಸಿಡಿಯೂ ಸೂಟೂ ತೇಲುವ ಪೈಕಿಯಾದರೆ ಅದರ ಮೇಲೆ ಇನ್ನಷ್ಟು ಸೇರಿಸಬೇಕು.

ನಾನು ಬಳಸುವುದು ಬೆನ್ನಹಲಗೆ ಮತ್ತು ರೆಕ್ಕೆ ಮಾದರಿಯ ಬಿಸಿಡಿ; ರೆಕ್ಕೆ ಎಂದರೆ ಹಲಗೆಗೆ ಜೋಡಿಸುವ, ಗಾಳಿ ತುಂಬುವ ಚೀಲ. ನನ್ನಲ್ಲಿ ಎರಡು ಹಲಗೆಗಳಿವೆ. ಉಕ್ಕಿನದು 2.7 ಕೆ.ಜಿ., ಅಲ್ಯೂಮಿನಿಯಮ್ಮಿನದು 900 ಗ್ರಾಂ. ಮುರುಡೇಶ್ವರಕ್ಕೆ ರಾತ್ರಿ ಬಸ್ಸಿನಲ್ಲಿ ಹೋಗುವಾಗ ಚೀಲವನ್ನು ತೂಗುವವರು ಯಾರೂ ಇಲ್ಲವಾದ್ದರಿಂದ ಉಕ್ಕನ್ನು ಒಯ್ಯುತ್ತೇನೆ. ಅದು ನೀರಿನಲ್ಲಿ ಸುಮಾರು 2.3 ಕೆ.ಜಿ. ಸೀಸದ ಕೆಲಸ ಮಾಡುತ್ತದೆ, ಆ ಭಾರ ಸೊಂಟದ ಬದಲು ಬೆನ್ನಿನ ಮೇಲೆ ಹರಡಿಕೊಳ್ಳುತ್ತದೆ. ವಿಮಾನಕ್ಕೆ ಅಲ್ಯೂಮಿನಿಯಂ. ಅಲ್ಲಿ ಕಡಿಮೆಯಾದ ತೂಕವನ್ನು ಡೈವಿಂಗ್ ಕೇಂದ್ರದ ಸೀಸ ತುಂಬುತ್ತದೆ, ಅದಕ್ಕೆ ಬೇರೆ ಹಣ ಕೊಡಬೇಕಾಗಿ ಬಂದದ್ದು ನನಗೆ ನೆನಪಿಲ್ಲ. ರೆಕ್ಕೆಯ ವಿಷಯದಲ್ಲೂ ದೊಡ್ಡದರ ಹಿಂದೆ ಬೀಳಬೇಡಿ. ಒಂದೇ ಸಿಲಿಂಡರು, ತೆಳುವಾದ ಸೂಟು ಇರುವಾಗ 11ರಿಂದ 14 ಕೆ.ಜಿ. ಎತ್ತುವ ರೆಕ್ಕೆ ಧಾರಾಳವಾಗಿ ಸಾಕು.

ಪರಿಷೆ (ಬಸವನಗುಡಿ):

ಇಬ್ಬರಿಗೂ ಧನ್ಯವಾದಗಳು. ಸೂಟ್‌ಕೇಸನ್ನು ತೂಗಿದೆ, 3.9 ಕೆ.ಜಿ. ಬಂತು. ಹೆಂಡತಿ ನಗುತ್ತಿದ್ದಾಳೆ.

ಮೀನಖಂಡ ಅವರ ವಿವರಣೆ ಓದಿದ ಮೇಲೆ ಒಂದು ಅನುಮಾನ ಬಂದಿದೆ. ಕಳೆದ ಸಲ ನನಗೆ 6 ಕೆ.ಜಿ. ಸೀಸ ಕಟ್ಟಿಸಿದ್ದರು. ನನ್ನ ತೂಕ 68 ಕೆ.ಜಿ. ಮೈಮೇಲೆ ಬಾಡಿಗೆಯ 3 ಮಿ.ಮೀ. ಪೂರ್ಣ ಸೂಟ್ ಇತ್ತು. ಇದು ಹೆಚ್ಚಾಗಿತ್ತೇ? ಜೊತೆಗೆ, ಅಂಡಮಾನಿನ ನೀರು 28 ಡಿಗ್ರಿ ಆಸುಪಾಸಿನಲ್ಲಿರುವಾಗ ಸೂಟಿನ ಅಗತ್ಯವೇನು, ಬರೀ ಈಜುಡುಗೆ ಸಾಲದೇ?

ಮೀನಖಂಡ (ಯಲಹಂಕ):

ಹೆಚ್ಚಾಗಿದ್ದಿರಬಹುದು ಎನಿಸುತ್ತದೆ. ಹೊಸಬರು ಕೆಳಗಿಳಿಯಲು ತಡಕಾಡುತ್ತಾರೆಂದು ತರಬೇತುದಾರರು ಒಂದೆರಡು ಕೆ.ಜಿ. ಹೆಚ್ಚೇ ಕಟ್ಟುವುದು ವಾಡಿಕೆ. ಆದರೆ ಇಲ್ಲಿ ಕುಳಿತು ಅಂಕಿ ಹೇಳುವುದು ಸರಿಯಲ್ಲ, ನೀರಿನಲ್ಲಿ ಪರೀಕ್ಷಿಸಬೇಕು. ಡೈವಿನ ಕೊನೆಗೆ ಸಿಲಿಂಡರಿನಲ್ಲಿ 50 ಬಾರ್ ಉಳಿದಿರುವಾಗ, 5 ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲುವ ಹೊತ್ತಿನಲ್ಲಿ, ಬಿಸಿಡಿಯನ್ನು ಪೂರ್ತಿ ಖಾಲಿ ಮಾಡಿ ನೋಡಿ. ಸಹಜವಾಗಿ ಉಸಿರಾಡುತ್ತ ಮೇಲೇರದೆ, ಮುಳುಗದೆ ನಿಂತರೆ ನಿಮ್ಮ ಸೀಸ ಸರಿಯಾಗಿದೆ. ಮುಳುಗಿದರೆ ಮುಂದಿನ ಡೈವಿಗೆ ಒಂದು ಕೆ.ಜಿ. ಇಳಿಸಿ. ಇದನ್ನು ಗೈಡ್‌ಗೆ ಮೊದಲೇ ತಿಳಿಸಿ ಮಾಡಬೇಕು.

ಉಪ್ಪುನೀರು (ಜೆ.ಪಿ. ನಗರ):

ಸೂಟಿನ ಬಗ್ಗೆ ನಾನು ಬರೆಯುತ್ತೇನೆ, ಏಕೆಂದರೆ ಈ ವಿಷಯದಲ್ಲಿ ನಾನು ಮೂರು ಸಲ ಹಣ ಕಳೆದುಕೊಂಡಿದ್ದೇನೆ.

ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಬಿಸಿಯನ್ನು ಹೀರುತ್ತದೆ. 28 ಡಿಗ್ರಿ ಎಂದರೆ ಬೆಂಗಳೂರಿನ ಹಿತವಾದ ಮಧ್ಯಾಹ್ನ ಎಂದುಕೊಂಡು ನೀರಿಗಿಳಿದವರು ಮೊದಲ ಡೈವಿನಲ್ಲಿ ಆರಾಮವಾಗಿರುತ್ತಾರೆ, ಎರಡನೆಯದರ ಕೊನೆಗೆ ಹಲ್ಲು ಕಡಿಯುತ್ತಿರುತ್ತಾರೆ, ಮೂರನೆಯದಕ್ಕೆ ದೋಣಿಯಲ್ಲೇ ಕುಳಿತಿರುತ್ತಾರೆ. ಚಳಿಯ ಜೊತೆಗೆ ಚರ್ಮದ ರಕ್ಷಣೆಯೂ ಮುಖ್ಯ. ಅಂಬಲಿ ಮೀನಿನ ಎಳೆಗಳು, ತಾಗಿದರೆ ಉರಿಯುವ ಫೈರ್ ಕೋರಲ್, ಇಳಿಯುವಾಗ ಹಿಡಿಯುವ ಹಗ್ಗದ ಮೇಲೆ ಬೆಳೆದ ಚೂಪು ಚಿಪ್ಪುಗಳು, ಇವುಗಳಿಂದ ಬರೀ ಈಜುಡುಗೆ ಕಾಪಾಡುವುದಿಲ್ಲ. ಮೊಣಕಾಲಿಗೆ ನಿಲ್ಲುವ ಶಾರ್ಟಿ ಸೂಟನ್ನು ನಾನು ಯಾರಿಗೂ ಹೇಳುವುದಿಲ್ಲ. ಅದು ಬಿಸಿಯನ್ನೂ ಅರ್ಧ ಕೊಡುತ್ತದೆ, ರಕ್ಷಣೆಯನ್ನೂ ಅರ್ಧ ಕೊಡುತ್ತದೆ.

ಈಗ ನಾನು ಒಯ್ಯುವುದು ಮೈಪೂರ್ತಿ ಮುಚ್ಚುವ ಲೈಕ್ರಾ ಉಡುಪು ಮತ್ತು ಅದರ ಮೇಲೆ ಹಾಕಲು ತೋಳಿಲ್ಲದ 2 ಮಿ.ಮೀ. ಬನಿಯನ್ನಿನಂಥದ್ದು. ಎರಡೂ ಸೇರಿ ಒಂದು ಕೆ.ಜಿ.ಗಿಂತ ಕಡಿಮೆ. ಲೈಕ್ರಾ ತೇಲುವುದೇ ಇಲ್ಲವಾದ್ದರಿಂದ ನನ್ನ ಸೀಸ 5ರಿಂದ 3 ಕೆ.ಜಿ.ಗೆ ಇಳಿಯಿತು. ನಿಯೋಪ್ರೀನ್ ಎಂಬ ರಬ್ಬರಿನ ಸೂಟಿನೊಳಗೆ ಸಣ್ಣ ಸಣ್ಣ ಗುಳ್ಳೆಗಳಿರುತ್ತವೆ. ಅವು ಮೇಲೆ ನಿಮ್ಮನ್ನು ತೇಲಿಸಿ, ಆಳಕ್ಕೆ ಹೋದಂತೆ ಕುಗ್ಗಿ, ತೇಲಿಸುವುದನ್ನೂ ಬೆಚ್ಚಗಿಡುವುದನ್ನೂ ಎರಡನ್ನೂ ಕಡಿಮೆ ಮಾಡುತ್ತವೆ. ಹಾಗೆಂದು ಎಲ್ಲರೂ ಲೈಕ್ರಾಕ್ಕೆ ಬದಲಾಗಬೇಕಿಲ್ಲ. ತೆಳ್ಳಗಿರುವವರು, ಬೇಗ ಚಳಿ ಹತ್ತುವವರು 3 ಮಿ.ಮೀ. ಪೂರ್ಣ ಸೂಟನ್ನೇ ಒಯ್ಯಲಿ.

ಒಂದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಹೋಗುವಾಗಿನ ತೂಕವೂ ಬರುವಾಗಿನ ತೂಕವೂ ಒಂದೇ ಅಲ್ಲ! ಅಂಡಮಾನಿನ ತೇವದ ಗಾಳಿಯಲ್ಲಿ ನಿಯೋಪ್ರೀನ್ ಒಂದು ರಾತ್ರಿಯಲ್ಲಿ ಒಣಗುವುದಿಲ್ಲ. ಬಿಸಿಡಿಯ ಚೀಲದೊಳಗೆ ಅರ್ಧ ಲೀಟರ್ ನೀರು ಉಳಿದರೆ ಅರ್ಧ ಕೆ.ಜಿ. ಹೆಚ್ಚುತ್ತದೆ. ಹೊರಡುವಾಗ 14.6 ಇದ್ದ ನನ್ನ ಚೀಲ ಒಮ್ಮೆ ವಾಪಸು ಬರುವಾಗ 16.8 ತೂಗಿ, ಕೌಂಟರಿನಲ್ಲಿ ಹೆಚ್ಚುವರಿ ಹಣ ಕಟ್ಟಬೇಕಾಯಿತು. ಹಲವು ದಿನ, ದಿನಕ್ಕೆ ಹಲವು ಡೈವ್ ಮಾಡಿದ ಮೇಲೆ ವಿಮಾನ ಹತ್ತುವ ಮೊದಲು ಕಡಿಮೆಯೆಂದರೂ 18 ಗಂಟೆ ಬಿಡಬೇಕೆಂಬ ನಿಯಮ ಹೇಗೂ ಇದೆಯಲ್ಲ, ಆ ಹೊತ್ತನ್ನು ಸಾಮಾನು ಒಣಗಿಸಲು ಬಳಸಿ. ನಾನು ಕೊನೆಯ ದಿನಕ್ಕೆ ಡೈವ್ ಇಡುವುದೇ ಇಲ್ಲ.

ಹೊನ್ನಾವರದವ (ಈಗ ವಿಜಯನಗರ):

ನಾನು ಸ್ವಲ್ಪ ಅಡ್ಡ ಮಾತಾಡುತ್ತೇನೆ, ಬೇಸರಿಸಬೇಡಿ. ವರ್ಷಕ್ಕೆ ಒಂದು ಪ್ರವಾಸ, ಹತ್ತು ಡೈವ್ ಮಾಡುವವರು ಇಷ್ಟೆಲ್ಲ ಕೊಳ್ಳಬೇಕೇ? ಮಾಸ್ಕ್, ಕಂಪ್ಯೂಟರ್, ಮೈಗೊಪ್ಪುವ ಉಡುಪು ಇಟ್ಟುಕೊಂಡು ಉಳಿದದ್ದನ್ನು ಒಳ್ಳೆಯ ಕೇಂದ್ರದಿಂದ ಬಾಡಿಗೆಗೆ ಪಡೆದರೆ ತೂಕದ ಚರ್ಚೆಯೇ ಮುಗಿಯುತ್ತದೆ. ಒಳ್ಳೆಯ ಕೇಂದ್ರವನ್ನು ಹುಡುಕಲು ಪಡುವ ಶ್ರಮ ಹಗುರ ಬಿಸಿಡಿ ಹುಡುಕುವ ಶ್ರಮಕ್ಕಿಂತ ಹೆಚ್ಚು ಫಲ ಕೊಡುತ್ತದೆ ಎಂಬುದು ನನ್ನ ನಂಬಿಕೆ.

ಫಿನ್ಸ್ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ನಾನೇ ಹೇಳುತ್ತೇನೆ. ಬೆಚ್ಚಗಿನ ನೀರಿಗೆ ಬರಿಗಾಲಿಗೆ ಹಾಕುವ, ಪೂರ್ತಿ ಪಾದ ಮುಚ್ಚುವ ಫಿನ್ಸ್ ಹಗುರ; ಹಿಂದೆ ಪಟ್ಟಿಯಿರುವುದನ್ನು ಕೊಂಡರೆ ಅದರ ಜೊತೆಗೆ ರಬ್ಬರಿನ ಬೂಟನ್ನೂ ಹೊರಬೇಕು, ಎರಡೂ ಸೇರಿ ಒಂದೂವರೆ ಕೆ.ಜಿ. ಹೆಚ್ಚಾಗುವುದುಂಟು. ಆದರೆ ನೀವು ಎಲ್ಲಿ ನೀರಿಗಿಳಿಯುತ್ತೀರಿ ಎಂಬುದನ್ನು ನೋಡಬೇಕು. ನೇತ್ರಾಣಿ ಮುರುಡೇಶ್ವರದ ದಡದಿಂದ ಸುಮಾರು 19 ಕಿ.ಮೀ. ದೂರ, ದೋಣಿಯಿಂದಲೇ ನೀರಿಗೆ ಬೀಳುವುದು, ಅಲ್ಲಿ ಬರಿಗಾಲು ನಡೆಯುತ್ತದೆ. ಹ್ಯಾವ್‌ಲಾಕಿನ ನೀಮೋ ರೀಫ್‌ಗೆ ದಡದಿಂದ ನಡೆದು ಇಳಿಯಬೇಕು. ಸತ್ತ ಹವಳದ ತುಂಡುಗಳ ಮೇಲೆ, ಬೆನ್ನಿಗೆ ಸಿಲಿಂಡರು ಹೊತ್ತು ಬರಿಗಾಲಲ್ಲಿ ನಡೆದವರಿಗೆ ಬೂಟಿನ ಬೆಲೆ ಗೊತ್ತು. ನಾವು ಕರಾವಳಿಯವರು ಚಿಕ್ಕಂದಿನಿಂದ ಬರಿಗಾಲಲ್ಲೇ ಓಡಾಡಿದವರು, ನನಗೂ ಅದು ಆಗಿಬರಲಿಲ್ಲ. ತೆಳು ಅಡಿಯ ಬಟ್ಟೆಯ ಬೂಟು, ಪಟ್ಟಿಯಿರುವ ಗಿಡ್ಡ ಫಿನ್ಸ್ ಮಧ್ಯದ ದಾರಿ. ಉದ್ದವಾದ ಫಿನ್ಸ್ ತೂಕದಲ್ಲಿ ಪಾಸಾದರೂ 55 ಸೆಂ.ಮೀ. ಕೈಚೀಲದೊಳಗೆ ಹಿಡಿಯುವುದಿಲ್ಲ.

ನೇತ್ರಾಣಿಗೆ ಮಳೆಗಾಲದಲ್ಲಿ ದೋಣಿ ಹೋಗುವುದಿಲ್ಲ, ಜೂನ್‌ನಿಂದ ಸೆಪ್ಟೆಂಬರ್ ಕಳೆಯಬೇಕು. ಹೊಸ ಸಾಮಾನನ್ನು ಅಂಡಮಾನಿಗೆ ನೇರವಾಗಿ ಒಯ್ಯುವ ಮೊದಲು ನವೆಂಬರ್‌ನಲ್ಲಿ ಒಂದು ಸಲ ಮುರುಡೇಶ್ವರಕ್ಕೆ ಬಂದು ಪರೀಕ್ಷಿಸಿ ಎನ್ನುವುದು ನನ್ನ ಸಲಹೆ.

ಒ-ರಿಂಗ್ (ರಾಜಾಜಿನಗರ):

ರೆಗ್ಯುಲೇಟರಿನ ವಿಷಯ ಬಾಕಿಯಿದೆ. ನಾನು ವೃತ್ತಿಯಿಂದ ಯಂತ್ರಗಳ ಕೆಲಸದವನು, ಸ್ವಂತ ರೆಗ್ಯುಲೇಟರನ್ನು ತರಬೇತಿ ಪಡೆದು ನಾನೇ ಬಿಚ್ಚಿ ಜೋಡಿಸುತ್ತೇನೆ. ಆದ್ದರಿಂದ ಇದು ಸ್ವಲ್ಪ ಉದ್ದವಾಗುತ್ತದೆ.

ಹೊನ್ನಾವರದವರು ರೆಗ್ಯುಲೇಟರನ್ನು ಬಾಡಿಗೆಗೆ ಪಡೆಯಬಹುದೆಂದಿದ್ದಾರೆ. ನಾನು ಪಡೆಯುವುದಿಲ್ಲ. ಉಸಿರು ಕೊಡುವ ವಸ್ತುವಿನ ಸರ್ವಿಸ್ ಯಾವಾಗ ಆಯಿತೆಂದು ನನಗೆ ತಿಳಿದಿರಬೇಕು. ಆದರೆ ಕೊಳ್ಳುವಾಗ ತಣ್ಣೀರಿಗೆಂದು ಮಾಡಿದ್ದನ್ನು ನೀವು ಕೊಳ್ಳಬೇಕಿಲ್ಲ. ಮೊದಲ ಹಂತಕ್ಕೆ, ಅಂದರೆ ಸಿಲಿಂಡರಿಗೆ ಕೂರಿಸಿ ಗಾಳಿಯ ಒತ್ತಡ ಇಳಿಸುವ ಭಾಗಕ್ಕೆ, ಹೊರನೀರು ತಾಗದಂತೆ ಮುಚ್ಚುವ ವ್ಯವಸ್ಥೆ ಮುಖ್ಯವಾಗಿ ಮಂಜುಗಟ್ಟುವುದನ್ನು ತಡೆಯಲು ಇರುವುದು. ಯುರೋಪಿನ ಇಎನ್ 250 ಮಾನದಂಡ ತಣ್ಣೀರೆಂದು ಕರೆಯುವುದೇ 10 ಡಿಗ್ರಿಗಿಂತ ಕೆಳಗಿನದನ್ನು. ಆ ಮುಚ್ಚಳಿಕೆ ಉಪ್ಪು, ಮರಳನ್ನೂ ದೂರವಿಡುತ್ತದೆ ಎಂಬುದು ನಿಜ. ಚೆನ್ನಾಗಿ ತೊಳೆಯುವವರಿಗೆ ಅದಿಲ್ಲದೆಯೂ ನಡೆಯುತ್ತದೆ.

ಟೈಟೇನಿಯಮ್ಮಿನವು ಬಹಳ ಹಗುರ, ತುಕ್ಕು ಹಿಡಿಯುವುದಿಲ್ಲ, ಬೆಲೆ ಮಾತ್ರ ಕೈಗೆಟುಕುವುದಿಲ್ಲ. ಸಾಮಾನ್ಯವಾಗಿ ಸಿಗುವ 32 ಅಥವಾ 36 ಶೇಕಡಾ ಆಮ್ಲಜನಕದ ಗಾಳಿಯಾದ ನೈಟ್ರಾಕ್ಸ್‌ಗೆ ಅವನ್ನು ಬಳಸಬಹುದು. ಆಮ್ಲಜನಕ 40 ಶೇಕಡಾ ಮೀರಿದರೆ ಬಳಸಬಾರದು. ನನ್ನ ದೃಷ್ಟಿಯಲ್ಲಿ ನಿಮ್ಮಂಥವರಿಗೆ ಹೊಂದುವುದು ಹಿತ್ತಾಳೆಯ ಚಿಕ್ಕ ಮೊದಲ ಹಂತ, ಸರಳ ಪಿಸ್ಟನ್ ಮಾದರಿಯದಾದರೂ ಸರಿ. ಸ್ಕೂಬಾಪ್ರೋದ ಎಂಕೆ2 ಅಂಥದ್ದು. ಸಮತೋಲನ ವ್ಯವಸ್ಥೆಯಿಲ್ಲದ ಕಾರಣ ಸಿಲಿಂಡರ್ ಖಾಲಿಯಾಗುತ್ತ ಬಂದಂತೆ ಉಸಿರು ಸ್ವಲ್ಪ ಬಿಗಿಯಾಗುತ್ತದೆ, ಮೂವತ್ತು ಮೀಟರಿನೊಳಗಿನ ಸಾಮಾನ್ಯ ಡೈವ್‌ಗಳಲ್ಲಿ ಅದು ತೊಂದರೆ ಕೊಡುವ ಮಟ್ಟಿಗಿರುವುದಿಲ್ಲ. ಒಳಗೆ ಬಿಡಿಭಾಗ ಕಡಿಮೆಯಿರುವುದರಿಂದ ಕೆಡುವುದೂ ಕಡಿಮೆ.

ಈಗ ರೆಗ್ಯುಲೇಟರ್ ಸಿಲಿಂಡರಿಗೆ ಕೂರುವ ಭಾಗ. ಸಿಲಿಂಡರಿನ ತಲೆಯನ್ನು ಹಿಡಿಯುವ ವಿಧಾನ ಎರಡು: ಮೇಲಿಂದ ಹಿಡಿಕೆ ಹಾಕಿ ಬಿಗಿಯುವ ಯೋಕ್, ತಿರುಪಿ ಒಳಗೆ ಕೂರಿಸುವ ಡಿನ್. ಯೋಕ್‌ನ ಹಿಡಿಕೆಯೇ ಒಂದು ಲೋಹದ ಗಡ್ಡೆ, ಹಾಗಾಗಿ ಡಿನ್ ಹಗುರ. ಡಿನ್‌ನಲ್ಲಿ ಗಾಳಿ ಸೋರದಂತೆ ತಡೆಯುವ ಒ-ರಿಂಗ್ (ರಬ್ಬರ್ ಬಳೆ) ನಿಮ್ಮ ರೆಗ್ಯುಲೇಟರಿನ ಮೇಲಿರುತ್ತದೆ, ಅಂದರೆ ಅದರ ಆರೋಗ್ಯ ನಿಮ್ಮ ಕೈಯಲ್ಲಿದೆ. ಯೋಕ್‌ನಲ್ಲಿ ಅದು ಸಿಲಿಂಡರಿನ ಮೇಲಿರುತ್ತದೆ, ಕೇಂದ್ರದವರು ಬದಲಾಯಿಸಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಇಷ್ಟೆಲ್ಲ ಹೇಳಿದ ಮೇಲೂ ನಮ್ಮ ಕಡೆ ಹೆಚ್ಚು ಬಳಕೆಯಲ್ಲಿರುವುದು ಯೋಕ್. ಕೆಲವು ಸಿಲಿಂಡರುಗಳ ತಲೆಯೊಳಗಿನ ತಿರುಪನ್ನು ಅಲೆನ್ ಕೀಯಿಂದ ಬಿಚ್ಚಿದರೆ ಅದೇ ಡಿನ್ ಆಗುತ್ತದೆ, ಎಲ್ಲವೂ ಹಾಗಿರುವುದಿಲ್ಲ. ಡಿನ್ ಕೊಂಡು, ಅದನ್ನು ಯೋಕ್ ಆಗಿಸುವ ಅಡಾಪ್ಟರನ್ನೂ ಜೊತೆಗೆ ಒಯ್ದರೆ ಹಗುರದ ಲಾಭವೆಲ್ಲ ಅಡಾಪ್ಟರಿಗೇ ಹೋಗುತ್ತದೆ. ಅದಕ್ಕೇ ಅಂಡಮಾನ್, ಮಾಲ್ಡೀವ್ಸ್ ಬಿಟ್ಟು ಬೇರೆಡೆ ಹೋಗುವ ಯೋಚನೆಯಿಲ್ಲದಿದ್ದರೆ ನೇರವಾಗಿ ಯೋಕ್ ಕೊಳ್ಳಿ ಎನ್ನುತ್ತೇನೆ.

ಹೋಸ್‌ಗಳಲ್ಲಿ ಒಂದು ಎಚ್ಚರಿಕೆ. ಹೆಣೆದ ಹೊರಪದರದ, ಮೆತ್ತಗೆ ಬಾಗುವ ಹೋಸ್‌ಗಳು ರಬ್ಬರಿನವಕ್ಕಿಂತ ಹಗುರ, ಸುತ್ತಿ ಇಡಲು ಸುಲಭ. ನಾನೂ ಬಳಸುತ್ತೇನೆ. ಆದರೆ ಇಂಥ ಕೆಲವು ಹೋಸ್‌ಗಳ ಒಳಪದರ ಕಾಲಕ್ರಮದಲ್ಲಿ ಕೆಟ್ಟು, ಹರಳುಗಟ್ಟಿ, ಗಾಳಿಯ ದಾರಿಯನ್ನು ಕಟ್ಟಿದ ಪ್ರಕರಣಗಳನ್ನು ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆ ಬೆಳಕಿಗೆ ತಂದಿದೆ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಬಿಸಿಲು, ಬಿಸಿ ಕಾರಿನ ಡಿಕ್ಕಿ ಇವುಗಳಿಂದ ದೂರವಿಡಿ, ಎಲ್ಲಾದರೂ ಗಟ್ಟಿಯಾದಂತೆ ಅನಿಸಿದರೆ ಅನುಮಾನವಿಲ್ಲದೆ ಬದಲಾಯಿಸಿ. ಒತ್ತಡದ ಮೀಟರ್, ಆಳದ ಮೀಟರ್, ದಿಕ್ಸೂಚಿ ಮೂರನ್ನೂ ಒಂದೇ ರಬ್ಬರ್ ಗೂಡಿನಲ್ಲಿಟ್ಟ ದೊಡ್ಡ ಕನ್ಸೋಲ್ ಬೇಡವೇ ಬೇಡ. ಕಂಪ್ಯೂಟರ್ ಕೈಯಲ್ಲಿರುವಾಗ ಒಂದು ಸಣ್ಣ ಹಿತ್ತಾಳೆ ಒತ್ತಡಮಾಪಕ ಸಾಕು, ಅರ್ಧ ಕೆ.ಜಿ. ಉಳಿಯುತ್ತದೆ.

ಮೀನಖಂಡ (ಯಲಹಂಕ):

ಒ-ರಿಂಗ್ ಅವರ ಮಾತಿಗೆ ಒಂದು ಸೇರ್ಪಡೆ. ರೆಗ್ಯುಲೇಟರ್, ಕಂಪ್ಯೂಟರ್, ಮಾಸ್ಕ್ ಮೂರನ್ನೂ ಕೈಚೀಲದಲ್ಲೇ ಒಯ್ಯಿರಿ. ಟಾರ್ಚಿನ ಬಿಡಿ ಲಿಥಿಯಂ ಬ್ಯಾಟರಿಗಳನ್ನು ಚೆಕ್-ಇನ್ ಚೀಲದಲ್ಲಿ ಹಾಕುವಂತಿಲ್ಲ. ತುದಿಗಳಿಗೆ ಟೇಪ್ ಸುತ್ತಿ ಕೈಚೀಲದಲ್ಲಿಡಿ. ಟಾರ್ಚಿನೊಳಗೇ ಬಿಟ್ಟರೆ ಅದು ಚೀಲದಲ್ಲಿ ತಾನಾಗಿ ಹೊತ್ತಿಕೊಂಡು ಬಿಸಿಯಾಗುವ ಅಪಾಯವಿದೆ. ಚಾಕು, ಹಗ್ಗ ಕತ್ತರಿಸುವ ಅಲಗು ಚೆಕ್-ಇನ್‌ಗೆ. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ನನ್ನ ರೆಗ್ಯುಲೇಟರನ್ನು ಎರಡು ಸಲ ತೆಗೆಸಿ ನೋಡಿದ್ದಾರೆ. ಶಾಂತವಾಗಿ ವಿವರಿಸಿದರೆ ಬಿಡುತ್ತಾರೆ, ಅದಕ್ಕಾಗಿ ಹತ್ತು ನಿಮಿಷ ಕೈಯಲ್ಲಿಟ್ಟುಕೊಳ್ಳಿ.

ತೂಕ ಉಳಿಸುವ ಭರದಲ್ಲಿ ಉಬ್ಬಿಸಿ ಮೇಲಕ್ಕೆ ಬಿಡುವ ಗುರುತಿನ ಕೊಳವೆಯನ್ನೂ ಸೀಟಿಯನ್ನೂ ಮನೆಯಲ್ಲಿ ಬಿಡಬೇಡಿ. ಕೊಳವೆ, ದಾರದ ಸುರುಳಿ ಎರಡೂ ಸೇರಿ 400 ಗ್ರಾಂ. ಪ್ರವಾಹ ನಿಮ್ಮನ್ನು ದೋಣಿಯಿಂದ ದೂರ ಒಯ್ದಾಗ ಕಾಣಿಸುವುದು ಅದೊಂದೇ.

ಉಪ್ಪುನೀರು (ಜೆ.ಪಿ. ನಗರ):

ಮನೆಗೆ ಬಂದ ಮೇಲಿನ ಮಾತನ್ನೂ ಹೇಳಿಬಿಡುತ್ತೇನೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೋರ್‌ವೆಲ್ ನೀರು. ಬಕೆಟ್ಟಿನ ಅಂಚಿನಲ್ಲೇ ಬಿಳಿ ಪದರ ಕಟ್ಟುವಷ್ಟು ಗಡಸು. ಅದರಲ್ಲಿ ರೆಗ್ಯುಲೇಟರ್ ನೆನೆಹಾಕಿ ಉಪ್ಪು ಹೋಯಿತೆಂದು ಸಮಾಧಾನಪಟ್ಟುಕೊಂಡಿದ್ದೆ. ಸರ್ವಿಸ್‌ಗೆ ಕೊಟ್ಟಾಗ ಗುಂಡಿಗಳ ಸುತ್ತ ಸುಣ್ಣ ಕಟ್ಟಿರುವುದನ್ನು ತೋರಿಸಿದರು. ಈಗ ಕಾವೇರಿ ನೀರು ಬರುವ ತಂಗಿಯ ಮನೆಯಲ್ಲಿ ತೊಳೆಯುತ್ತೇನೆ, ಆಗದಿದ್ದರೆ ಕೊನೆಯ ಸುತ್ತಿಗೆ ಕುಡಿಯುವ ನೀರಿನ ಕ್ಯಾನ್ ಬಳಸುತ್ತೇನೆ. ಒಣಗಿಸುವುದು ನೆರಳಿನಲ್ಲಿ, ಬಾಲ್ಕನಿಯ ನೇರ ಬಿಸಿಲು ನಿಯೋಪ್ರೀನ್‌ಗೂ ಸಿಲಿಕೋನ್‌ಗೂ ಒಳ್ಳೆಯದಲ್ಲ. ಹಗುರ ಸಾಮಾನಿನ ಬಟ್ಟೆಯೂ ಹೊಲಿಗೆಯೂ ತೆಳುವಾದ್ದರಿಂದ ಇದನ್ನು ಸ್ವಲ್ಪ ಹೆಚ್ಚೇ ನೋಡಿಕೊಳ್ಳಬೇಕು.

ಪರಿಷೆ (ಬಸವನಗುಡಿ):

ಎಲ್ಲರಿಗೂ ಮತ್ತೊಮ್ಮೆ ನಮಸ್ಕಾರ. ಅಂಡಮಾನಿನಿಂದ ಹಿಂತಿರುಗಿ ಒಂದು ವಾರವಾಯಿತು. ಏನು ಕೊಂಡೆವು, ಹೇಗಾಯಿತು ಎಂಬುದನ್ನು ತಿಳಿಸುವುದು ನನ್ನ ಕರ್ತವ್ಯ.

ನಾನು ಬಿಸಿಡಿ ಕೊಳ್ಳಲಿಲ್ಲ. ಹೆಂಡತಿ ಕೊಂಡಳು, ಸಣ್ಣ ಅಳತೆಯ ಮೆತ್ತೆಯಿಲ್ಲದ ಮಾದರಿ, ತಕ್ಕಡಿಯಲ್ಲಿ 2.2 ಕೆ.ಜಿ. ಇಬ್ಬರಿಗೂ ಮಾಸ್ಕ್, ಕಂಪ್ಯೂಟರ್, ಯೋಕ್ ಇರುವ ಸರಳ ಪಿಸ್ಟನ್ ರೆಗ್ಯುಲೇಟರ್. ರೆಗ್ಯುಲೇಟರಿನ ಪೂರ್ತಿ ಜೋಡಣೆ, ರಬ್ಬರ್ ಹೋಸ್ ಸಮೇತ, 2.4 ಕೆ.ಜಿ. ಬಂತು. ಹೆಣೆದ ಹೋಸ್‌ಗೆ ಬದಲಾಯಿಸಿದ್ದರೆ ಇನ್ನಷ್ಟು ಇಳಿಯುತ್ತಿತ್ತು, ಆದರೆ ಒ-ರಿಂಗ್ ಅವರ ಬರಹ ಓದಿದ ಮೇಲೆ ಮನಸ್ಸು ಬರಲಿಲ್ಲ. ಹೊನ್ನಾವರದವರು ಹೇಳಿದಂತೆ ತೆಳು ಬೂಟು, ಗಿಡ್ಡ ಫಿನ್ಸ್ ತೆಗೆದುಕೊಂಡೆವು. ಸೂಟ್‌ಕೇಸ್ ಮನೆಯಲ್ಲೇ ಉಳಿಯಿತು. ಹೋಗುವಾಗ ನನ್ನ ಚೀಲ 12.8, ಹೆಂಡತಿಯದು 13.9, ಬರುವಾಗ 13.5 ಮತ್ತು 14.7. ಹೆಚ್ಚುವರಿ ಹಣ ಕಟ್ಟಲಿಲ್ಲ.

ಲೈಕ್ರಾ ನನಗೆ ಹೊಂದಿತು, ಹೆಂಡತಿಗೆ ಹೊಂದಲಿಲ್ಲ. ಎರಡನೆಯ ದಿನದಿಂದ ಅವಳು ಬಾಡಿಗೆಯ 3 ಮಿ.ಮೀ. ಸೂಟ್ ಹಾಕಿಕೊಂಡಳು, ಅದರಿಂದ ಅವಳ ಸೀಸ ಒಂದೂವರೆ ಕೆ.ಜಿ. ಏರಿತು. ನನ್ನದು 6ರಿಂದ 4ಕ್ಕೆ ಇಳಿಯಿತು. ಸೀಸ ಇಳಿದದ್ದೇ ತಡ, ನನ್ನ ಗಾಳಿ ಹೆಚ್ಚು ಹೊತ್ತು ಬಾಳಿಕೆ ಬರತೊಡಗಿತು. ಮೊದಲೆಲ್ಲ ಗುಂಪಿನಲ್ಲಿ ನಾನೇ ಮೊದಲು ಮೇಲೆ ಬರುತ್ತಿದ್ದೆ. ಭಾರಕ್ಕೆ ಕೆಳಗಿಳಿಯುವುದು, ಅದನ್ನು ಸರಿಪಡಿಸಲು ಬಿಸಿಡಿಗೆ ಗಾಳಿ ತುಂಬುವುದು, ಅದರಿಂದ ನೆಟ್ಟಗಾದ ಮೈಯನ್ನು ತಳ್ಳಿಕೊಂಡು ಹೋಗಲು ಇನ್ನಷ್ಟು ಒದೆಯುವುದು, ಇದೇ ನಡೆಯುತ್ತಿತ್ತೆಂದು ಗೈಡ್ ವಿವರಿಸಿದರು.

ಮೀನಖಂಡ (ಯಲಹಂಕ):

ಬಹಳ ಸಂತೋಷ. 50 ಬಾರ್ ಇರುವಾಗ 5 ಮೀಟರಿನಲ್ಲಿ ಬಿಸಿಡಿ ಖಾಲಿ ಮಾಡಿ ನೋಡಿದಿರಾ?

ಪರಿಷೆ (ಬಸವನಗುಡಿ):

ನೋಡಿದೆ, 4 ಕೆ.ಜಿ.ಯಲ್ಲೂ ಮೆಲ್ಲನೆ ಮುಳುಗಿದೆ. ಅದು ಕೊನೆಯ ದಿನದ ಕೊನೆಯ ಡೈವ್ ಆಗಿತ್ತು. ಫೆಬ್ರವರಿ ಕೊನೆಯ ವಾರ ನೇತ್ರಾಣಿಗೆ ಹೋಗುವಾಗ 3 ಕೆ.ಜಿ. ಕಟ್ಟಿ ನೋಡುತ್ತೇನೆ.